ಗಡಿ ದಾಟುವ ಟ್ರ್ಯಾಕ್ಟರಿಗೆ ಎರಡನೇ ನೋಂದಣಿ ಬೇಕಿಲ್ಲ

ಮಾನ್ಯ ಸಂಪಾದಕರೇ,

ಮೊಳಕಾಲ್ಮುರು ತಾಲ್ಲೂಕಿನ ಗಡಿ ಹಳ್ಳಿಗಳಲ್ಲಿ ಶೇಂಗಾ ಕೀಳುವ ಕಾಲ ಬಂತೆಂದರೆ ಪ್ರತಿ ವರ್ಷವೂ ಒಂದು ಮಾತು ಹೊಸದಾಗಿ ಹಬ್ಬುತ್ತದೆ. ನಮ್ಮ ಚಿತ್ರದುರ್ಗ ಜಿಲ್ಲೆಯ ಕೆಎ 16 ನಂಬರಿನ ಟ್ರ್ಯಾಕ್ಟರ್ ಗಡಿಯಾಚೆ ಆಂಧ್ರದ ರಾಯದುರ್ಗದ ಕಡೆ ಹೋಗಬೇಕಾದರೆ ಅಲ್ಲಿಯೂ ನೋಂದಣಿ ಮಾಡಿಸಬೇಕು, ಆಂಧ್ರದ ನಂಬರಿನ ಗಾಡಿ ಮೂವತ್ತು ದಿನ ಮೀರಿ ಈ ಕಡೆ ಕಾಣಿಸಿದರೆ ಹಿಡಿದು ನಿಲ್ಲಿಸುತ್ತಾರೆ ಎಂಬುದು ಆ ಮಾತು. ಇದನ್ನು ನಂಬಿ, ಮನೆ ಈ ಕಡೆ ಹೊಲ ಆ ಕಡೆ ಇರುವ ಎಷ್ಟೋ ರೈತರು ಸ್ವಂತ ಟ್ರ್ಯಾಕ್ಟರನ್ನು ಮನೆ ಮುಂದೆ ನಿಲ್ಲಿಸಿ ಅಲ್ಲಿಯ ಬಾಡಿಗೆ ಗಾಡಿಗೆ ದುಡ್ಡು ಕೊಡುತ್ತಾರೆ. ಇನ್ನು ಕೆಲವರು ಹಿಂದೆ ದೀಪವೂ ಇಲ್ಲದ ಟ್ರೇಲರ್ ಕಟ್ಟಿಕೊಂಡು ರಾತ್ರಿ ಹೊತ್ತು ಗಡಿ ದಾಟುತ್ತಾರೆ. ಕಾನೂನು ಕೊಟ್ಟಿರುವ ಹಕ್ಕನ್ನು ತಿಳಿಯದೆ ಜನ ಹೀಗೆ ನಷ್ಟಕ್ಕೂ ಅಪಾಯಕ್ಕೂ ಒಳಗಾಗುತ್ತಿರುವುದರಿಂದ ಈ ಪತ್ರ ಬರೆಯುತ್ತಿದ್ದೇನೆ. ನಾನು ವಕೀಲನಲ್ಲ. ಆದರೆ ಈ ಭಾಗದ ರೈತರಿಗೆ ಅರ್ಜಿ, ತಕರಾರು ಬರೆದುಕೊಡುವ ಕೆಲಸದಲ್ಲಿ ಇರುವುದರಿಂದ ಮೋಟಾರು ವಾಹನ ಕಾಯ್ದೆಯ ಪುಟಗಳನ್ನು ಆಗಾಗ ತಿರುವಿ ನೋಡಬೇಕಾಗಿದೆ.

1988ರ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 46 ಬಹಳ ಚಿಕ್ಕದು ಮತ್ತು ಸ್ಪಷ್ಟವಾದದ್ದು. ಯಾವುದೇ ಒಂದು ರಾಜ್ಯದಲ್ಲಿ ಕ್ರಮಬದ್ಧವಾಗಿ ನೋಂದಣಿಯಾದ ವಾಹನಕ್ಕೆ ಬೇರೆಡೆ ಮತ್ತೆ ನೋಂದಣಿ ಬೇಕಿಲ್ಲ, ಅದರ ನೋಂದಣಿ ಪ್ರಮಾಣಪತ್ರ ಇಡೀ ದೇಶದಲ್ಲಿ ಊರ್ಜಿತ ಎಂದು ಅದು ಹೇಳುತ್ತದೆ. ಹೊಸ ರಾಜ್ಯದ ನಂಬರ್ ಪಡೆಯಬೇಕೆಂಬ ನಿಯಮ ಬರುವುದು ಸೆಕ್ಷನ್ 47ರಲ್ಲಿ, ಅದೂ ವಾಹನವನ್ನು ಮತ್ತೊಂದು ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ಇಟ್ಟುಕೊಂಡಿದ್ದರೆ ಮಾತ್ರ. ಇಲ್ಲಿ ‘ಇಟ್ಟುಕೊಂಡಿದ್ದರೆ’ ಎಂಬುದನ್ನು ಗಮನಿಸಬೇಕು. ಬೆಳಿಗ್ಗೆ ಹೋಗಿ ಹೊಲ ಹರಗಿ ಸಂಜೆ ಮನೆಗೆ ಬರುವ ಟ್ರ್ಯಾಕ್ಟರ್, ರಾಯದುರ್ಗದ ಸಂತೆಗೆ ಹೋಗಿ ಬರುವ ಬೈಕು, ಚಳ್ಳಕೆರೆ ಮಾರುಕಟ್ಟೆಗೆ ಶೇಂಗಾ ಹೇರಿಕೊಂಡು ಬಂದು ಖಾಲಿ ಮಾಡಿ ಹಿಂತಿರುಗುವ ಆಂಧ್ರದ ರೈತರ ಗಾಡಿ, ಇವು ಯಾವುವೂ ಮತ್ತೊಂದು ರಾಜ್ಯದಲ್ಲಿ ಇಟ್ಟುಕೊಂಡ ವಾಹನಗಳಲ್ಲ. ವಾಹನ ಸಾಮಾನ್ಯವಾಗಿ ಎಲ್ಲಿ ನಿಲ್ಲುತ್ತದೋ ಅಲ್ಲಿ ನೋಂದಣಿ ಎಂಬುದು ಕಾಯ್ದೆಯ ಮೂಲ ಲೆಕ್ಕಾಚಾರ. ಮನೆ ಮೊಳಕಾಲ್ಮುರಿನಲ್ಲಿದ್ದು ರಾತ್ರಿ ಗಾಡಿ ಅಲ್ಲಿಯೇ ನಿಲ್ಲುವುದಾದರೆ, ಹೊಲ ಯಾವ ರಾಜ್ಯದಲ್ಲಿದ್ದರೂ ಕೆಎ 16 ಸಾಕು.

ಹಾಗಾದರೆ ಮೂವತ್ತು ದಿನದ ಮಾತು ಎಲ್ಲಿಂದ ಬಂತು? ಅದಕ್ಕೂ ಒಂದು ಮೂಲವಿದೆ. ಹೊರ ರಾಜ್ಯದ ವಾಹನ 30 ದಿನ ಮೀರಿ ಕರ್ನಾಟಕದಲ್ಲಿದ್ದರೆ ಜೀವಾವಧಿ ತೆರಿಗೆ ಕಟ್ಟಬೇಕೆಂದು ನಮ್ಮ ರಾಜ್ಯದ ಮೋಟಾರು ವಾಹನ ತೆರಿಗೆ ಕಾಯ್ದೆಗೆ 2014ರಲ್ಲಿ ತಿದ್ದುಪಡಿ ತರಲಾಗಿತ್ತು. ಕೇಂದ್ರದ ಕಾಯ್ದೆ 12 ತಿಂಗಳ ಅವಕಾಶ ಕೊಟ್ಟಿರುವಾಗ ಇದು ನಿಲ್ಲದೆಂದು ವಾಹನ ಮಾಲೀಕರು ಹೈಕೋರ್ಟ್ ಮೆಟ್ಟಿಲೇರಿದರು. 2016ರಲ್ಲಿ ಹೈಕೋರ್ಟ್ ಆ ತಿದ್ದುಪಡಿಯನ್ನು ರದ್ದುಪಡಿಸಿತು. ತೀರ್ಪು ಬಂದದ್ದು ಬೆಂಗಳೂರಿನ ಐಟಿ ನೌಕರರಿಗೆ ಬೇಗ ತಿಳಿಯಿತು. ನಮ್ಮ ಗಡಿಯ ಹಳ್ಳಿಗಳಲ್ಲಿ ಉಳಿದದ್ದು ಹಳೆಯ ಭಯ ಮಾತ್ರ. ಆ ಭಯವನ್ನು ಬಳಸಿಕೊಂಡು ‘ವ್ಯವಸ್ಥೆ ಮಾಡಿಕೊಡುತ್ತೇನೆ’ ಎಂದು ಹಣ ಕೀಳುವ ಮಧ್ಯವರ್ತಿಗಳೂ ಇದ್ದಾರೆ ಎಂಬುದು ನನಗೆ ಬಹಳ ನೋವಿನ ಸಂಗತಿ.

ಇಷ್ಟು ಹೇಳಿದ ಮೇಲೆ ನಮ್ಮ ಕಡೆಯ ತಪ್ಪುಗಳನ್ನೂ ಹೇಳಲೇಬೇಕು. ಟ್ರ್ಯಾಕ್ಟರಿಗೆ ನೋಂದಣಿ ಇದ್ದರೆ ಸಾಲದು, ಟ್ರೇಲರಿಗೂ ಬೇರೆ ನೋಂದಣಿ ಆಗಿರಬೇಕು. ಸೆಕ್ಷನ್ 61ರ ಪ್ರಕಾರ ಟ್ರೇಲರಿನ ಪಕ್ಕದಲ್ಲಿ ಅದರದೇ ನಂಬರ್ ಇರಬೇಕು, ಜೊತೆಗೆ ಅದನ್ನು ಎಳೆಯುವ ಟ್ರ್ಯಾಕ್ಟರಿನ ನಂಬರ್ ಕೂಡ ಅದರ ಮೇಲೆ ಕಾಣಬೇಕು. ನಮ್ಮ ಹಳ್ಳಿಗಳ ಟ್ರೇಲರುಗಳ ಹಿಂದೆ ನಿಂತು ಒಮ್ಮೆ ನೋಡಿ. ಹಿಂಬದಿಯ ಹಲಗೆಯ ಮೇಲೆ ‘ಶ್ರೀ ಗುರು ತಿಪ್ಪೇರುದ್ರಸ್ವಾಮಿ ಪ್ರಸನ್ನ’ ಎಂದು ದಪ್ಪ ಅಕ್ಷರದಲ್ಲಿ ಬರೆಸಿರುತ್ತಾರೆ, ಮಕ್ಕಳ ಹೆಸರೂ ಇರುತ್ತದೆ, ಕೊಂಡಿಯ ಪಕ್ಕದಲ್ಲಿ ವೆಲ್ಡಿಂಗ್ ಅಂಗಡಿಯವನ ಹೆಸರೂ ಇರುತ್ತದೆ. ನಂಬರ್ ಮಾತ್ರ ಇರುವುದಿಲ್ಲ, ಇದ್ದರೂ ಕೆಸರಿನ ಕೆಳಗೆ ಮುಚ್ಚಿ ಹೋಗಿರುತ್ತದೆ. ಕೆಂಪು ರಿಫ್ಲೆಕ್ಟರ್ ಪಟ್ಟಿಯಂತೂ ಅಪರೂಪ. ನೋಂದಣಿಯಿಲ್ಲದ ವಾಹನ ಓಡಿಸಿದರೆ ಸೆಕ್ಷನ್ 192ರಲ್ಲಿ ಮೊದಲ ಸಲಕ್ಕೇ 2,000ದಿಂದ 5,000 ರೂಪಾಯಿವರೆಗೆ ದಂಡವಿದೆ, ಮರುಕಳಿಸಿದರೆ ದಂಡ 10,000ದವರೆಗೆ ಏರಬಹುದು, ಜೈಲು ಶಿಕ್ಷೆಗೂ ಅವಕಾಶವಿದೆ. ಇಂಥ ಗಾಡಿಯನ್ನು ಗಡಿಯಲ್ಲಿ ತಡೆದರೆ ಅದು ರಾಜ್ಯ ರಾಜ್ಯಗಳ ನಡುವಿನ ತಾರತಮ್ಯವಲ್ಲ. ನಾಯಕನಹಟ್ಟಿ ಜಾತ್ರೆಗೂ ಗೌರಸಮುದ್ರದ ಮಾರಮ್ಮನ ಜಾತ್ರೆಗೂ ಎರಡೂ ಕಡೆಯ ಜನ ಇಂಥ ಟ್ರೇಲರುಗಳಲ್ಲಿ ತುಂಬಿಕೊಂಡು ಬರುತ್ತಾರೆ. ಅಪಘಾತವಾದರೆ ಕೃಷಿ ಬಳಕೆಗೆಂದು ವಿಮೆ ಮಾಡಿಸಿದ ಗಾಡಿಯಲ್ಲಿ ಕುಳಿತವರ ಹೊಣೆ ತನ್ನದಲ್ಲ ಎಂದು ವಿಮಾ ಕಂಪನಿ ವಾದಿಸುತ್ತದೆ.

ಆದರೆ ನಮ್ಮ ಗಡಿಯ ನಿಜವಾದ ತೊಡಕು ಸೆಕೆಂಡ್ ಹ್ಯಾಂಡ್ ವಾಹನಗಳದ್ದು, ಮತ್ತು ಈ ವಿಷಯದಲ್ಲಿ ಪತ್ರಿಕೆಯ ಓದುಗರು ತುಸು ತಾಳ್ಮೆಯಿಂದ ಓದಬೇಕೆಂದು ಕೇಳುತ್ತೇನೆ. ರಾಯದುರ್ಗ, ಕಲ್ಯಾಣದುರ್ಗದ ಕಡೆಯಿಂದ ಬೈಕು, ಟ್ರ್ಯಾಕ್ಟರುಗಳನ್ನು ನಮ್ಮವರು ಕೊಳ್ಳುತ್ತಾರೆ. ಹಣ ಕೊಟ್ಟು, ಆರ್‌ಸಿ (ನೋಂದಣಿ ಪ್ರಮಾಣಪತ್ರ) ಈಸಿಕೊಂಡು, ಬಿಳಿ ಹಾಳೆಯ ಮೇಲೆ ಒಂದು ಕರಾರು ಬರೆಸಿಕೊಂಡರೆ ಮುಗಿಯಿತೆಂದು ತಿಳಿಯುತ್ತಾರೆ. ಹೀಗೆ ಬಂದ, ಅನಂತಪುರ ಜಿಲ್ಲೆಯ ಎಪಿ 02 ನಂಬರಿನ ಗಾಡಿಗಳು ವರ್ಷಗಟ್ಟಲೆ ಇಲ್ಲೇ ಓಡುತ್ತಿವೆ. 2019ರಲ್ಲಿ ಆಂಧ್ರದಲ್ಲಿ ಇಡೀ ರಾಜ್ಯಕ್ಕೆ ಎಪಿ 39 ಎಂಬ ಒಂದೇ ಸರಣಿ ಬಂದಿರುವುದರಿಂದ ಹೊಸ ಗಾಡಿ ಯಾವ ಜಿಲ್ಲೆಯದೆಂದು ನಂಬರ್ ನೋಡಿ ಹೇಳುವುದಕ್ಕೂ ಆಗದು. ಇಂಥ ವಾಹನ ಖಂಡಿತವಾಗಿಯೂ 12 ತಿಂಗಳ ನಿಯಮಕ್ಕೆ ಒಳಪಡುತ್ತದೆ. ಸೆಕ್ಷನ್ 50ರ ಪ್ರಕಾರ, ಬೇರೆ ರಾಜ್ಯದವರಿಗೆ ವಾಹನ ಮಾರಿದವರು 45 ದಿನದೊಳಗೆ ಎನ್‌ಒಸಿ (ತಕರಾರಿಲ್ಲವೆಂದು ನೋಂದಣಿ ಪ್ರಾಧಿಕಾರ ಕೊಡುವ ಪತ್ರ) ಅಥವಾ ಅದಕ್ಕೆ ಅರ್ಜಿ ಹಾಕಿದ ರಸೀದಿಯೊಂದಿಗೆ ಮಾರಾಟವನ್ನು ವರದಿ ಮಾಡಬೇಕು, ಕೊಂಡವರು 30 ದಿನದೊಳಗೆ ತಮ್ಮ ವಾಸಸ್ಥಳದ ಸಾರಿಗೆ ಕಚೇರಿಗೆ ತಿಳಿಸಿ ಹೆಸರು ಬದಲಾಯಿಸಿಕೊಳ್ಳಬೇಕು. ಇದನ್ನು ಮಾಡದಿದ್ದರೆ ಏನಾಗುತ್ತದೆ ಎಂಬುದಕ್ಕೆ 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು ಕಣ್ಣ ಮುಂದಿದೆ. ಕೈಯಿಂದ ಕೈಗೆ ಮಾರಾಟವಾಗಿದ್ದ ವಾಹನವೊಂದರ ಅಪಘಾತದಲ್ಲಿ, ನೋಂದಣಿ ಯಾರ ಹೆಸರಿನಲ್ಲಿ ಉಳಿದಿದೆಯೋ ಅವರೇ ಕಾನೂನಿನ ಕಣ್ಣಿಗೆ ಮಾಲೀಕರು, ಪರಿಹಾರದ ಹೊಣೆಯೂ ಅವರದೇ ಎಂದು ನ್ಯಾಯಾಲಯ ಹೇಳಿತು. ಅಂದರೆ ಗಾಡಿ ಮಾರಿ ಎಂದೋ ಮರೆತ ಆಂಧ್ರದ ರೈತನ ಮನೆ ಬಾಗಿಲಿಗೆ ಚಿತ್ರದುರ್ಗದ ನ್ಯಾಯಾಲಯದ ನೋಟಿಸು ಹೋಗಬಹುದು. ನೊಂದ ಕುಟುಂಬವೂ ಪರಿಹಾರಕ್ಕಾಗಿ ಗಡಿಯಾಚೆಯ ಮನುಷ್ಯನನ್ನು ಹುಡುಕಿಕೊಂಡು ಅಲೆಯಬೇಕಾಗುತ್ತದೆ.

ಹೆಸರು ಬದಲಾವಣೆಗೆ ಜನ ಹಿಂಜರಿಯುವುದು ಬರೀ ಸೋಮಾರಿತನದಿಂದಲ್ಲ. ಎನ್‌ಒಸಿಗೆ ನಮೂನೆ 28ರಲ್ಲಿ ಅರ್ಜಿ ಹಾಕಬೇಕು, ಅದಕ್ಕೆ ಚಾಸಿಸ್ ನಂಬರಿನ ಪೆನ್ಸಿಲ್ ಪ್ರಿಂಟ್ ಬೇಕು. ಹಳೆಯ ಟ್ರ್ಯಾಕ್ಟರಿನಲ್ಲಿ ಆ ನಂಬರ್ ಗ್ರೀಸು, ಮಣ್ಣು, ತುಕ್ಕಿನ ಅಡಿ ಹೂತುಹೋಗಿರುತ್ತದೆ. ಸೀಮೆಎಣ್ಣೆ ಬಟ್ಟೆಯಿಂದ ಒರೆಸಿ, ತೆಳು ಕಾಗದವನ್ನು ಒತ್ತಿ ಹಿಡಿದು ಪೆನ್ಸಿಲ್ಲಿನ ಸೀಸವನ್ನು ಅಡ್ಡಲಾಗಿ ಉಜ್ಜಿದರೆ ಅಂಕಿಗಳು ಒಂದೊಂದಾಗಿ ಬಿಳಿಯಾಗಿ ಮೂಡುತ್ತವೆ. ಒಂದು ಅಂಕಿ ಮಸುಕಾದರೂ ಅರ್ಜಿ ವಾಪಸು ಬರುತ್ತದೆ. ಸಾಲದ ಗಾಡಿಯಾದರೆ ಸಾಲ ಕೊಟ್ಟವರ ಒಪ್ಪಿಗೆ ಬೇಕು, ತೆರಿಗೆ ಬಾಕಿ ಇರಕೂಡದು, ವಾಹನ ಕಳವಿನದಲ್ಲವೆಂದು ಪೊಲೀಸ್ ವರದಿ ಬೇಕು. ಇಷ್ಟಾದರೂ ಉತ್ತರ ಬಾರದೆ ತಿಂಗಳುಗಟ್ಟಲೆ ಕಾದವರಿದ್ದಾರೆ. ಅಂಥವರಿಗೆ ತಿಳಿದಿರಬೇಕಾದದ್ದು ಸೆಕ್ಷನ್ 48. ಅರ್ಜಿ ಮುಟ್ಟಿದ 30 ದಿನದೊಳಗೆ ನೋಂದಣಿ ಪ್ರಾಧಿಕಾರವು ಎನ್‌ಒಸಿ ಕೊಟ್ಟಿದ್ದೇವೆ ಅಥವಾ ನಿರಾಕರಿಸಿದ್ದೇವೆ ಎಂದು ಲಿಖಿತವಾಗಿ ತಿಳಿಸಬೇಕು. ತಿಳಿಸದಿದ್ದರೆ ಕೊಟ್ಟಂತೆಯೇ ಭಾವಿಸತಕ್ಕದ್ದು ಎಂದು ಅದು ಹೇಳುತ್ತದೆ. ಆದ್ದರಿಂದ ಅರ್ಜಿ ಕೊಟ್ಟ ದಿನದ ರಸೀದಿಯನ್ನು ಆರ್‌ಸಿಯಷ್ಟೇ ಜೋಪಾನವಾಗಿ ಇಟ್ಟುಕೊಳ್ಳಬೇಕೆಂದು ನನ್ನ ಬಳಿ ಬರುವ ಪ್ರತಿಯೊಬ್ಬರಿಗೂ ಹೇಳುತ್ತೇನೆ.

2021ರ ಸೆಪ್ಟೆಂಬರಿನಿಂದ, ರಾಜ್ಯ ಬದಲಾದರೂ ಮರುನೋಂದಣಿ ಬೇಡದ ಬಿಎಚ್ (ಭಾರತ್) ಸರಣಿಯ ನಂಬರ್ ಬಂದಿದೆಯಲ್ಲ ಎಂದು ಕೆಲವರು ಕೇಳಬಹುದು. ಅದು ರಕ್ಷಣಾ ಸಿಬ್ಬಂದಿ, ಸರ್ಕಾರಿ ನೌಕರರು ಮತ್ತು ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿ ಕಚೇರಿ ಇರುವ ಕಂಪನಿಗಳ ನೌಕರರಿಗೆ ಮೀಸಲಾದ ಸೌಲಭ್ಯ. ವರ್ಗಾವಣೆಯಾಗಿ ಊರೂರು ತಿರುಗುವವರಿಗೆ ಅದು ಒಳ್ಳೆಯದೇ, ಅದರ ಬಗ್ಗೆ ನನಗೆ ತಕರಾರಿಲ್ಲ. ಆದರೆ ನೌಕರಿ ಬದಲಾದಾಗ ರಾಜ್ಯ ಬದಲಿಸುವವರ ಕಷ್ಟ ಸರ್ಕಾರದ ಕಣ್ಣಿಗೆ ಬಿದ್ದಿತು, ಉಳುಮೆಗಾಗಿ ದಿನಕ್ಕೆರಡು ಸಲ ರಾಜ್ಯ ದಾಟುವವರ ಕಷ್ಟ ಇನ್ನೂ ಬಿದ್ದಿಲ್ಲ.

ನಮ್ಮ ತಾಲ್ಲೂಕು ಜಿಲ್ಲೆಯ ಮೂಲೆಯಲ್ಲಿದೆ, ಜಿಲ್ಲಾ ಕೇಂದ್ರಕ್ಕಿಂತ ರಾಯದುರ್ಗ ನಮಗೆ ಎಷ್ಟೋ ಹತ್ತಿರ. ಹೆಸರು ಬದಲಾವಣೆಗೆಂದು ಟ್ರ್ಯಾಕ್ಟರನ್ನೇ ಚಿತ್ರದುರ್ಗದವರೆಗೆ ಓಡಿಸಿಕೊಂಡು ಹೋಗಿ ಪರಿಶೀಲನೆಗೆ ನಿಲ್ಲಿಸುವುದೆಂದರೆ ಒಂದು ದಿನದ ದುಡಿಮೆಯೂ ಡೀಸೆಲ್ಲೂ ಹೋದಂತೆ. ಆದ್ದರಿಂದ ಸಾರಿಗೆ ಇಲಾಖೆಯವರು ಶೇಂಗಾ ಸುಗ್ಗಿಗೆ ಮುಂಚೆ ಮೊಳಕಾಲ್ಮುರಿನಲ್ಲಿಯೇ ಶಿಬಿರ ನಡೆಸಿ, ಹೊರ ರಾಜ್ಯದಿಂದ ಕೊಂಡ ವಾಹನಗಳ ಹೆಸರು ಬದಲಾವಣೆಯನ್ನೂ ಟ್ರೇಲರುಗಳ ನೋಂದಣಿಯನ್ನೂ ಅಲ್ಲಿಯೇ ಕೈಗೆತ್ತಿಕೊಳ್ಳಬೇಕೆಂದು ವಿನಂತಿಸುತ್ತೇನೆ. ಜೊತೆಗೆ 12 ತಿಂಗಳ ನಿಯಮ ಯಾರಿಗೆ ಅನ್ವಯಿಸುತ್ತದೆ, ಯಾರಿಗೆ ಇಲ್ಲ ಎಂಬುದನ್ನು ಕನ್ನಡ, ತೆಲುಗು ಎರಡರಲ್ಲೂ ಬರೆದ ಫಲಕವನ್ನು ರಾಯದುರ್ಗದ ರಸ್ತೆಯಲ್ಲಿ ನಿಲ್ಲಿಸಬೇಕು. ಆ ಕಡೆಯ ಅಧಿಕಾರಿಗಳೊಂದಿಗೆ ಮಾತನಾಡಿ, ಹೊಲಕ್ಕೆ ಹೋಗಿಬರುವ ಕೃಷಿ ಟ್ರ್ಯಾಕ್ಟರುಗಳ ಬಗ್ಗೆ ಎರಡೂ ರಾಜ್ಯದವರು ಒಂದೇ ಮಾತನ್ನು ಲಿಖಿತವಾಗಿ ಹೊರಡಿಸುವಂತಾಗಬೇಕು. ಅಂಥ ಸುತ್ತೋಲೆಯ ಪ್ರತಿ ಗ್ರಾಮ ಪಂಚಾಯಿತಿಯ ಗೋಡೆಯ ಮೇಲಿದ್ದರೆ, ರೈತ ಅದರ ಫೋಟೊ ಮೊಬೈಲಿನಲ್ಲಿ ಇಟ್ಟುಕೊಂಡು ಹೋಗುತ್ತಾನೆ. ಆರ್‌ಸಿ, ವಿಮೆಗಳನ್ನು ಡಿಜಿಲಾಕರ್ ಮೂಲಕ ಮೊಬೈಲಿನಲ್ಲೇ ತೋರಿಸಬಹುದೆಂದು ಕೇಂದ್ರದ ನಿಯಮ 2018ರಲ್ಲೇ ಒಪ್ಪಿದೆ. ಶಿಬಿರದ ದಿನಾಂಕವನ್ನು ಇಲಾಖೆ ಮುಂಚಿತವಾಗಿ ತಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಪ್ರಕಟಿಸಿದರೆ, ಅರ್ಜಿಗಳನ್ನು ಭರ್ತಿ ಮಾಡಿಕೊಡುವ ಕೆಲಸವನ್ನು ನಾನೂ ನನ್ನಂತಹ ಇತರರೂ ಯಾವ ಶುಲ್ಕವೂ ಇಲ್ಲದೆ ಮಾಡಿಕೊಡಲು ಸಿದ್ಧರಿದ್ದೇವೆ.

ಇತಿ ತಮ್ಮ ವಿಶ್ವಾಸಿ,
ಓದುಗ,
ಮೊಳಕಾಲ್ಮುರು, ಚಿತ್ರದುರ್ಗ ಜಿಲ್ಲೆ