ಜಿಲ್ಲೆ ಒಡೆಯುವ ಮೊದಲು ಜಿಲ್ಲಾ ಪಂಚಾಯತಿ ಚುನಾವಣೆ ನಡೆಯಲಿ

ಮಾನ್ಯರೇ,

ಉತ್ತರ ಕನ್ನಡವನ್ನು ಇಬ್ಭಾಗಿಸಿ, ಶಿರಸಿಯನ್ನು ಕೇಂದ್ರವಾಗಿಟ್ಟುಕೊಂಡು ಘಟ್ಟದ ಮೇಲೊಂದು ಪ್ರತ್ಯೇಕ ಜಿಲ್ಲೆ ರಚಿಸಬೇಕೆಂಬ ಬೇಡಿಕೆ ಆಗಾಗ ಕೇಳಿಬರುತ್ತಲೇ ಇದೆ. ಹತ್ತು ಸಾವಿರ ಚದರ ಕಿ.ಮೀ.ಗೂ ಮಿಕ್ಕಿದ, ಬಹುಪಾಲು ಕಾಡೇ ಆಗಿರುವ ಈ ಜಿಲ್ಲೆಯಲ್ಲಿ ಮುಂಡಗೋಡದ ರೈತನೊಬ್ಬ ಒಂದು ಕಡತದ ಬೆನ್ನುಹತ್ತಿ ಅರಬೈಲ್ ಘಟ್ಟ ಇಳಿದು ಕಾರವಾರಕ್ಕೆ ಹೋಗಿಬರುವಷ್ಟರಲ್ಲಿ ಹೊತ್ತು ಮುಳುಗಿರುತ್ತದೆ. ಆದ್ದರಿಂದ ಬೇಡಿಕೆಯಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ಆದರೆ ಹೊಸ ಗಡಿಯ ಬಗ್ಗೆ ಇಷ್ಟು ಮಾತಾಡುವ ನಾವು, ಇರುವ ಜಿಲ್ಲೆಯ ಚುನಾಯಿತ ಸಂಸ್ಥೆಯೇ ಖಾಲಿ ಬಿದ್ದಿರುವುದರ ಬಗ್ಗೆ ಸುಮ್ಮನಿರುವುದು ಸೋಜಿಗದ ಸಂಗತಿ.

ಹಿಂದೆ ಇಲ್ಲಿ ಗಡಿ ಎಳೆದವರು ಇಲ್ಲಿನವರನ್ನು ಕೇಳಿ ಎಳೆದದ್ದಲ್ಲ. 1799ರಲ್ಲಿ ಟಿಪ್ಪುವಿನ ಪತನದ ನಂತರ ಈಸ್ಟ್ ಇಂಡಿಯಾ ಕಂಪನಿಯ ಪಾಲಾದ ಕೆನರಾ (ಇಂದಿನ ಉತ್ತರ ಕನ್ನಡ, ದಕ್ಷಿಣ ಕನ್ನಡ ಸೀಮೆ) ಮದ್ರಾಸಿನ ಆಡಳಿತಕ್ಕೆ ಸೇರಿತು. ಮುಂದೆ ಅದನ್ನು ಎರಡಾಗಿ ಒಡೆದು, 1862ರಲ್ಲಿ ಉತ್ತರ ಭಾಗವನ್ನು ಮುಂಬಯಿ ಪ್ರಾಂತ್ಯಕ್ಕೆ ವರ್ಗಾಯಿಸಲಾಯಿತು. ಧಾರವಾಡ ಸೀಮೆಯ ಹತ್ತಿಯನ್ನು ಕಾರವಾರ ಬಂದರಿನಿಂದ ಹಡಗಿಗೇರಿಸಬೇಕೆಂಬ ವರ್ತಕರ ಲೆಕ್ಕಾಚಾರ ಅದರ ಹಿಂದಿತ್ತು. ಕಡೆಗೆ ರೈಲು ಹೋದದ್ದು ಗೋವೆಯ ಮುರಗಾಂವಿಗೆ. (ಹುಬ್ಬಳ್ಳಿ–ಅಂಕೋಲಾ ರೈಲು ಇಂದಿಗೂ ಕಾಗದದ ಮೇಲೆಯೇ ಓಡುತ್ತಿದೆ.)

ಸ್ಥಳೀಯ ಆಡಳಿತದ ಕಥೆಯೂ ಹೀಗೆಯೇ ಏಳುಬೀಳಿನದು. 1884ರ ಮುಂಬಯಿ ಕಾಯ್ದೆಯಿಂದ ಬಂದ ಲೋಕಲ್ ಬೋರ್ಡುಗಳಲ್ಲಿ ಮತದಾನದ ಹಕ್ಕು ಕೆಲವರಿಗಷ್ಟೇ ಇದ್ದರೂ ರಸ್ತೆ, ಶಾಲೆ, ದವಾಖಾನೆಗಳ ಹೊಣೆ ಇತ್ತು. ಮೈಸೂರು ರಾಜ್ಯಕ್ಕೆ ಸೇರಿದ ಬಳಿಕ ಬಂದ 1959ರ ಕಾಯ್ದೆ ಜಿಲ್ಲಾ ಮಟ್ಟದಲ್ಲಿ ಸಲಹೆ ಕೊಡುವ ಮಂಡಳಿಯೊಂದನ್ನಷ್ಟೇ ಉಳಿಸಿತು. ಆಗಿನ ಪಂಚಾಯತ್ ರಾಜ್ ಸಚಿವ ಅಬ್ದುಲ್ ನಜೀರ್ ಸಾಬ್ ಅವರ ಮುತುವರ್ಜಿಯಿಂದ ರೂಪುಗೊಂಡ 1983ರ ಕಾಯ್ದೆಯಂತೆ 1987ರಲ್ಲಿ ಜಿಲ್ಲಾ ಪರಿಷತ್ ಚುನಾವಣೆ ನಡೆದಾಗ, ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ಸ್ಥಾನಮಾನವಿತ್ತು. ಅವರ ಕೈಕೆಳಗಿನ ಮುಖ್ಯ ಕಾರ್ಯದರ್ಶಿ ಜಿಲ್ಲಾಧಿಕಾರಿಗಿಂತ ಹಿರಿಯರಾಗಿರುತ್ತಿದ್ದರು. ಆ ಗತ್ತು 1993ರ ಕಾಯ್ದೆಯಲ್ಲಿ ಉಳಿಯಲಿಲ್ಲವಾದರೂ ಚುನಾವಣೆಯಾದರೂ ನಡೆಯುತ್ತಿತ್ತು.

ಈಗ ಅದೂ ಇಲ್ಲ. 2016ರಲ್ಲಿ ಆಯ್ಕೆಯಾದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯತಿ ಸದಸ್ಯರ ಅವಧಿ 2021ರಲ್ಲಿ ಮುಗಿಯಿತು. ಅವಧಿ ಮುಗಿಯುವ ಮೊದಲೇ ಚುನಾವಣೆ ಪೂರ್ಣಗೊಳ್ಳಬೇಕೆಂದು ಸಂವಿಧಾನದ 243ಇ ವಿಧಿ ಹೇಳಿದರೂ ಕ್ಷೇತ್ರ ಮರುವಿಂಗಡಣೆ, ಮೀಸಲಾತಿ, ನ್ಯಾಯಾಲಯದ ವ್ಯಾಜ್ಯ ಎಂದು ವರ್ಷಗಳನ್ನೇ ದೂಡಲಾಗಿದೆ. 2024ರ ಜುಲೈನಲ್ಲಿ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಜೀವಗಳು ಹೋದಾಗ, ಜಿಲ್ಲಾ ಮಟ್ಟದ ಸಭೆಯಲ್ಲಿ ಎದ್ದುನಿಂತು ಅಧಿಕಾರಿಗಳನ್ನು ಪ್ರಶ್ನಿಸಲು ಆ ಭಾಗದಿಂದ ಆರಿಸಿಬಂದ ಪಂಚಾಯತಿ ಸದಸ್ಯರೆಂಬವರು ಇರಲೇ ಇಲ್ಲ. ಶಾಸಕರು ಇದ್ದಾರಲ್ಲ ಎನ್ನಬಹುದು. ಆದರೆ ಇಡೀ ಜಿಲ್ಲೆಗೆ ಇರುವವರು ಬೆರಳೆಣಿಕೆಯಷ್ಟು ಮಂದಿ.

ಹೊಸ ಜಿಲ್ಲೆಯಾದರೂ ಅದನ್ನು ಸರ್ಕಾರ ನೇಮಿಸಿದ ಆಡಳಿತಾಧಿಕಾರಿಯೇ ನಡೆಸುವುದಾದರೆ ಶಿರಸಿಗೆ ಸಿಗುವುದು ಕಚೇರಿಗಳ ಕಟ್ಟಡ ಮಾತ್ರ. ಸರ್ಕಾರ ಮೊದಲು ಚುನಾವಣೆಯ ದಿನಾಂಕ ಪ್ರಕಟಿಸಲಿ. ವಿಭಜನೆಯ ಪ್ರಸ್ತಾವ ಆ ಬಳಿಕ ಜಿಲ್ಲಾ ಪಂಚಾಯತಿಯ ಮುಂದೆ ಬಂದು, ಭಟ್ಕಳ ಮತ್ತು ಜೋಯಿಡಾದ ಸದಸ್ಯರೂ ತಮ್ಮ ಮಾತು ಹೇಳುವಂತಾಗಲಿ.

– ಒಬ್ಬ ಓದುಗ, ಸಿದ್ದಾಪುರ