ಕೋಲಾರಕ್ಕೆ ಕರೆಂಟು ಕೊಟ್ಟ ಊರಿನ ಕಲ್ಲು ಸೇತುವೆ: ಪ್ರವಾಸೋದ್ಯಮ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಪ್ರವಾಸೋದ್ಯಮ ಸಚಿವರೇ,

ನಮಸ್ಕಾರ. ನಾನು ಬಂಗಾರಪೇಟೆಯವನು. ಬರೆಯುತ್ತಿರುವುದು ಮಾತ್ರ ಶಿವನಸಮುದ್ರದ ಹಳೇ ಸೇತುವೆಗಳ ಬಗ್ಗೆ. ಕೋಲಾರದಲ್ಲೇ ನೂರೆಂಟು ಕೆಲಸ ಬಾಕಿ ಬಿದ್ದಿರುವಾಗ ನಿನಗ್ಯಾಕಪ್ಪಾ ಕಾವೇರಿ ಸೇತುವೆ ಅಂತ ನಮ್ಮೂರಲ್ಲೇ ಕೇಳಿದರು. ಕಾರಣ ನಮ್ಮ ತಾತ.

ತಾತ ಕೋಲಾರದ ಚಿನ್ನದ ಗಣಿಗಳಲ್ಲಿ (ಕೆ.ಜಿ.ಎಫ್) ಒಂದಾದ ಚಾಂಪಿಯನ್ ರೀಫ್ ಗಣಿಯಲ್ಲಿ ದುಡಿದವರು. ಮೂರು ಕಿಲೋಮೀಟರಿಗಿಂತ ಜಾಸ್ತಿ ಆಳಕ್ಕೆ ಇಳಿದ ಗಣಿ ಅದು. ಮನೆಯಲ್ಲಿ ಕರೆಂಟು ಹೋಗಿ ಬಂದಾಗಲೆಲ್ಲ ಅವರು "ಕಾವೇರಮ್ಮ ಬಂದಳು ನೋಡು" ಅನ್ನುತ್ತಿದ್ದರು. ಚಿಕ್ಕವನಿದ್ದಾಗ ನನಗೆ ಅರ್ಥವಾಗುತ್ತಿರಲಿಲ್ಲ. ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲದ ಜಿಲ್ಲೆ ನಮ್ಮದು. ನಮ್ಮ ಮನೆಗೆ ಕಾವೇರಿ ಎಲ್ಲಿಂದ ಬರಬೇಕು?

ಆಮೇಲೆ ಗೊತ್ತಾಯಿತು. 1902ರಲ್ಲಿ ಶಿವನಸಮುದ್ರದಲ್ಲಿ ತಯಾರಾದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ತಂತಿಯ ಮೇಲೆ ಬಂದು ಸೇರಿದ್ದು ಕೋಲಾರದ ಚಿನ್ನದ ಗಣಿಗೆ. ಆಗಿನ ಕಾಲಕ್ಕೆ ಪ್ರಪಂಚದಲ್ಲೇ ಅತಿ ಉದ್ದದ ಲೈನುಗಳಲ್ಲಿ ಅದೂ ಒಂದು. ಬೆಂಗಳೂರಿಗೆ ಕರೆಂಟು ಬಂದಿದ್ದು 1905ರಲ್ಲಿ, ನಮಗಿಂತ 3 ವರ್ಷ ತಡವಾಗಿ. ಈ ಯೋಜನೆಗೆ ಬೆನ್ನೆಲುಬಾಗಿ ನಿಂತ ದಿವಾನ್ ಶೇಷಾದ್ರಿ ಅಯ್ಯರ್ ಅದನ್ನು ನೋಡಲಿಲ್ಲ, 1901ರಲ್ಲೇ ತೀರಿಕೊಂಡಿದ್ದರು. ಅವರ ಹೆಸರು ಈಗ ಅಲ್ಲಿಯ ವಿದ್ಯುದಾಗಾರಕ್ಕಿದೆ.

ಹಾಗಾಗಿ 2018ರ ದಸರಾ ರಜೆಯಲ್ಲಿ ನಾನು ಶಿವನಸಮುದ್ರಕ್ಕೆ ಹೋದಾಗ ಜಲಪಾತ ನೋಡುವುದಕ್ಕಿಂತ ತಾತನ ಋಣ ತೀರಿಸುವ ಆಸೆಯೇ ಜಾಸ್ತಿ ಇತ್ತು. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ವೆಸ್ಲಿ (ವೆಲ್ಲೆಸ್ಲಿ) ಸೇತುವೆ. ಆ ವರ್ಷದ ಮುಂಗಾರಿನ ಪ್ರವಾಹದಲ್ಲಿ ಅದರ ಒಂದು ಭಾಗ ಕೊಚ್ಚಿ ಹೋಗಿತ್ತು. ದಡದಲ್ಲಿ ನಿಂತು ನೋಡಿದರೆ ಸಾಲಾಗಿ ನಿಂತ ಕಲ್ಲುಕಂಬಗಳು, ನಡುವೆ ಹಲ್ಲು ಬಿದ್ದ ಬಾಯಿ ಹಾಗೆ ಖಾಲಿ. ನನ್ನ ಪಕ್ಕ ನಿಂತಿದ್ದವರು ಆ ಖಾಲಿ ಜಾಗ ಹಿಂದೆ ಬರುವ ಹಾಗೆ ಸೆಲ್ಫಿ ತೆಗೆದುಕೊಂಡು ಹೋದರು. ಅವರ ತಪ್ಪೇನಿಲ್ಲ, ಅದು ಏನು ಅಂತ ಅವರಿಗೆ ಹೇಳುವವರು ಯಾರೂ ಅಲ್ಲಿರಲಿಲ್ಲ.

ಸರ್, ಆ ಕಥೆ ಸಣ್ಣದಲ್ಲ. ಕಾವೇರಿ ಅಲ್ಲಿ ಎರಡು ಕವಲಾಗಿ ಒಡೆದು ದ್ವೀಪವನ್ನು ಬಳಸಿಕೊಂಡು ಹೋಗಿ, ಒಂದು ಕಡೆ ಗಗನಚುಕ್ಕಿಯಾಗಿ ಇನ್ನೊಂದು ಕಡೆ ಭರಚುಕ್ಕಿಯಾಗಿ ಕಮರಿಗೆ ಧುಮುಕುತ್ತದೆ. ಆ ಎರಡು ಕವಲಿಗೂ ಎರಡು ಕಲ್ಲು ಸೇತುವೆ. ಕಟ್ಟಿಸಿದವರು ರಾಮಸ್ವಾಮಿ ಮೊದಲಿಯಾರ್, 19ನೇ ಶತಮಾನದ ಮೊದಲ ಭಾಗದಲ್ಲಿ. ಈ ಕೆಲಸಕ್ಕೆ ಅವರಿಗೆ ಜಹಗೀರು ಸಿಕ್ಕಿತು, 'ಜನೋಪಕಾರ ಕಾಮಕರ್ತ' ಅನ್ನುವ ಬಿರುದೂ ಸಿಕ್ಕಿತು. ಆ ಬಿರುದು ನನಗೆ ತುಂಬಾ ಇಷ್ಟ. ಯುದ್ಧ ಗೆದ್ದವರಿಗೆ ಬಿರುದು ಕೊಡುವ ಕಾಲದಲ್ಲಿ ಸೇತುವೆ ಕಟ್ಟಿದವರಿಗೂ ಕೊಟ್ಟಿದ್ದರು!

ಇನ್ನೊಂದು ವಿಷಯ ತುಂಬಾ ಜನಕ್ಕೆ ಮರೆತೇ ಹೋಗಿದೆ. 1956ರವರೆಗೆ ಆ ದಡದ ಕೊಳ್ಳೇಗಾಲ ಮದ್ರಾಸಿಗೆ ಸೇರಿತ್ತು, ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಈ ಕಡೆ ಮಳವಳ್ಳಿ ಮೈಸೂರಿನದು. ಅಂದರೆ ಈ ಕಲ್ಲುಕಂಬಗಳ ಮೇಲೆ ನಡೆದವರು ಒಂದು ರಾಜ್ಯದಿಂದ ಇನ್ನೊಂದು ರಾಜ್ಯಕ್ಕೆ ಹೋಗುತ್ತಿದ್ದರು. ಎರಡನೇ ಸೇತುವೆಗೆ ಲಶಿಂಗ್ಟನ್ ಅನ್ನುವ ಮದ್ರಾಸ್ ಗವರ್ನರ್ ಹೆಸರಿರುವುದನ್ನು ನೋಡಿದರೆ ಮದ್ರಾಸಿನ ನಂಟು ಗೊತ್ತಾಗುತ್ತದೆ. ಈಗಲೂ ಒಂದು ದಡ ಮಂಡ್ಯ ಜಿಲ್ಲೆ, ಇನ್ನೊಂದು ದಡ ಚಾಮರಾಜನಗರ. ನಾನು ಒಂದು ಕಚೇರಿಯಲ್ಲಿ ಸೇತುವೆ ಬಗ್ಗೆ ವಿಚಾರಿಸಿದಾಗ "ಅದು ಆ ಕಡೆಯವರಿಗೆ ಬರುತ್ತೆ" ಅಂದರು. ಆ ಕಡೆಗೆ ಹೋದರೆ ಈ ಕಡೆ ಕೈ ತೋರಿಸಿದರು. ಎರಡು ದಡ ಸೇರಿಸಲು ಕಟ್ಟಿದ ಸೇತುವೆಗೆ ಈ ಗತಿ ಬರಬಾರದು ಸರ್.

ಮತ್ತೆ ದಯವಿಟ್ಟು ಇದನ್ನು ಶ್ರೀರಂಗಪಟ್ಟಣದ ಸೇತುವೆ ಜೊತೆ ಬೆರೆಸಬೇಡಿ. ದಿವಾನ್ ಪೂರ್ಣಯ್ಯನವರು 1804ರಲ್ಲಿ ಕಟ್ಟಿಸಿದ್ದು ಅದು. ಎರಡಕ್ಕೂ ವೆಲ್ಲೆಸ್ಲಿ ಹೆಸರು, ಎರಡೂ ಕಲ್ಲುಕಂಬದ ಸೇತುವೆ, ಹಾಗಾಗಿ ಜನ ಗೊಂದಲ ಮಾಡಿಕೊಳ್ಳುತ್ತಾರೆ.

ಈಗ ಕಲ್ಲಿನ ಮಾತು. ನಮ್ಮ ಕೋಲಾರದ ಕಡೆಯವರಿಗೆ ಕಲ್ಲು ಅಂದರೆ ಗೊತ್ತು. ಬೇಲಿಗೆ ಕಲ್ಲುಕೂಚ, ದ್ರಾಕ್ಷಿ ಚಪ್ಪರಕ್ಕೆ ಕಲ್ಲುಕಂಬ, ಮನೆ ಮೇಲಕ್ಕೆ ಚಪ್ಪಡಿ. ಆ ಸೇತುವೆ ನೋಡಿದ ತಕ್ಷಣ ನನಗೆ ಅನ್ನಿಸಿದ್ದು, ಇದು ನಮ್ಮ ಚಪ್ಪರದ ಲೆಕ್ಕವೇ ಅಲ್ವಾ ಅಂತ. ಕಮಾನಿಲ್ಲ, ಕಬ್ಬಿಣವಿಲ್ಲ. ನದಿಯ ತಳದ ಬಂಡೆಯ ಮೇಲೇ ಕೆತ್ತಿದ ಕಂಬ ನಿಲ್ಲಿಸಿ, ಕಂಬದಿಂದ ಕಂಬಕ್ಕೆ ಕಲ್ಲಿನ ತೊಲೆ ಇಟ್ಟು, ಮೇಲೆ ಚಪ್ಪಡಿ ಹಾಸಿದ್ದಾರೆ. ಕಲ್ಲಿನ ತೊಲೆ ಉದ್ದವಾದರೆ ನಡುವೆ ಮುರಿಯುತ್ತದೆ. ಅದಕ್ಕೇ ಕಂಬಗಳು ಹತ್ತಿರ ಹತ್ತಿರ, ನೂರಾರು. ಅದರ ಶಕ್ತಿಯೂ ಅದೇ, ಕಷ್ಟವೂ ಅದೇ. ಮಾಮೂಲಿ ನೀರು ಕಂಬಗಳ ಸಂದಿಯಲ್ಲಿ ನುಸುಳಿ ಹೋಗುತ್ತದೆ, ಆದರೆ ದೊಡ್ಡ ಪ್ರವಾಹದಲ್ಲಿ ತೇಲಿ ಬರುವ ಮರ, ದಿಮ್ಮಿ, ಬಿದಿರು ಮೆಳೆ ಆ ಸಂದಿಯಲ್ಲಿ ಸಿಕ್ಕಿಕೊಂಡರೆ ಕಂಬಗಳ ಸಾಲು ಅಡ್ಡಗಟ್ಟಿದ ಗೋಡೆಯಾಗುತ್ತದೆ. ಆಮೇಲೆ ಇಡೀ ಹೊಳೆಯ ಭಾರ ಅದರ ಮೇಲೆ. ಒಂದು ಕಂಬ ಜರುಗಿದರೆ ಸಾಕು, ಅದರ ಮೇಲಿನ ತೊಲೆ, ಚಪ್ಪಡಿ ಎಲ್ಲ ಒಟ್ಟಿಗೆ ಬೀಳುತ್ತವೆ.

ಹಾಗಾಗಿ ನಾನು ಕೇಳುತ್ತಿರುವುದು ಕೋಟಿಗಟ್ಟಲೆ ಖರ್ಚಿನ ವಿಷಯವಲ್ಲ. ಪ್ರತಿ ವರ್ಷ ಮುಂಗಾರಿಗೆ ಮುಂಚೆ ಒಮ್ಮೆ, ನೀರು ಇಳಿದ ಮೇಲೆ ಒಮ್ಮೆ, ಕಂಬಗಳ ಸಂದಿಯಲ್ಲಿ ಸಿಕ್ಕಿಕೊಂಡ ಮರಮಟ್ಟು ತೆಗೆಸಿ. ಅದನ್ನು ಯಾರು ಮಾಡಬೇಕು ಅಂತ ಒಂದೇ ಕಚೇರಿಯ ಹೆಸರಿನಲ್ಲಿ ಆದೇಶ ಹೊರಡಿಸಿ. ರಿಪೇರಿ ಏನೇ ಮಾಡಿದರೂ ಕಲ್ಲಿನಲ್ಲೇ ಮಾಡಿಸಿ, ಸಿಮೆಂಟು ಮೆತ್ತಿ ಮುಗಿಸಬೇಡಿ. ಉಳಿ, ಸುತ್ತಿಗೆ ಹಿಡಿದು ಕಂಬ ಸೀಳುವ ಕೈಗಳು ನಮ್ಮ ಜಿಲ್ಲೆಯಲ್ಲಿ ಇನ್ನೂ ಇವೆ. ಅವರನ್ನು ಕರೆಸಿ. ಅಷ್ಟು ವರ್ಷ ಕಾವೇರಿ ನಮ್ಮ ಗಣಿ ನಡೆಸಿದಳು, ನಮ್ಮವರು ಹೋಗಿ ನಾಲ್ಕು ಕಂಬ ನಿಲ್ಲಿಸಿ ಬಂದರೆ ಅದಕ್ಕಿಂತ ಒಳ್ಳೆಯ ಲೆಕ್ಕ ಯಾವುದು?

ಇನ್ನು ಒಂದೇ ಒಂದು ಆಸೆ. ಸೇತುವೆ ಹತ್ತಿರ ಕನ್ನಡದಲ್ಲಿ ಒಂದು ದೊಡ್ಡ ಫಲಕ ಹಾಕಿಸಿ. ರಾಮಸ್ವಾಮಿ ಮೊದಲಿಯಾರ್ ಯಾರು, ಈ ದಡ ಮೈಸೂರಾಗಿ ಆ ದಡ ಮದ್ರಾಸಾಗಿ ಇದ್ದದ್ದು ಹೇಗೆ, ಇಲ್ಲಿಂದ ಹೊರಟ ಕರೆಂಟು ಎಲ್ಲಿಗೆ ಹೋಯಿತು, ಎಲ್ಲ ಬರೆಸಿ. ಅಂಥದ್ದೇ ಇನ್ನೊಂದನ್ನು ಕೆ.ಜಿ.ಎಫ್‌ನಲ್ಲೂ ಹಾಕಿಸಿ. ಗಣಿ ಮುಚ್ಚಿದ್ದು 2001ರಲ್ಲಿ. ಆಮೇಲೆ ಹುಟ್ಟಿದ ನಮ್ಮ ಮಕ್ಕಳಿಗೆ ಆ ಸೈರನ್ ಸದ್ದೂ ಗೊತ್ತಿಲ್ಲ, ಆ ತಂತಿ ಎಲ್ಲಿಂದ ಬಂತು ಅನ್ನುವುದೂ ಗೊತ್ತಿಲ್ಲ.

ನೀವು ಒಂದು ಬೇಸಿಗೆಯಲ್ಲಿ, ನೀರು ತಗ್ಗಿದಾಗ ಅಲ್ಲಿಗೆ ಹೋಗಿ ಬನ್ನಿ ಸರ್. ಮೇಲೆ ನಿಂತು ನೋಡಬೇಡಿ, ದಡಕ್ಕೆ ಇಳಿದು ಕಂಬಗಳ ಬುಡ ನೋಡಿ. ಬರುವ ದಿನ ತಿಳಿಸಿದರೆ ನಾನೂ ಬರುತ್ತೇನೆ, ನಮ್ಮ ಕಡೆಯ ಒಬ್ಬ ಕಲ್ಲು ಕೆಲಸದವರನ್ನೂ ಕರೆದುಕೊಂಡು ಬರುತ್ತೇನೆ.

ಇಂತಿ,
ಬಂಗಾರಪೇಟೆಯ ಒಬ್ಬ ಗಣಿ ಕಾರ್ಮಿಕರ ಮೊಮ್ಮಗ