ಜಿಲ್ಲಾ ಸರಾಸರಿಯಲ್ಲಿ ಕಾಣೆಯಾಗುವ ಕಣಕುಂಬಿಯ ಮಳೆ

ಮಾನ್ಯ ಸಂಪಾದಕರೇ,

ಮುಂಗಾರು ಹಿಡಿದ ಮೇಲೆ ಪತ್ರಿಕೆಗಳಲ್ಲಿ ‘ಬೆಳಗಾವಿ ಜಿಲ್ಲೆಯಲ್ಲಿ ವಾಡಿಕೆಗಿಂತ ಹೆಚ್ಚು’ ಅಥವಾ ‘ವಾಡಿಕೆಗಿಂತ ಕಡಿಮೆ’ ಎಂದು ಇಡೀ ಜಿಲ್ಲೆಗೆ ಒಂದೇ ಅಂಕಿ ಪ್ರಕಟವಾಗುತ್ತದೆ. ಲೆಕ್ಕದಲ್ಲಿ ತಪ್ಪಿರಲಿಕ್ಕಿಲ್ಲ; ಆದರೆ ಮಲಪ್ರಭೆಯ ದಂಡೆಯಲ್ಲಿ, ರಾಮದುರ್ಗದಲ್ಲಿ ಕುಳಿತು ಅದನ್ನು ಓದುವ ನನ್ನಂಥವನಿಗೆ ಅದರಿಂದ ತಿಳಿಯುವುದು ಅತ್ಯಲ್ಪ. ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ವರ್ಷದ ಮಳೆ ಸಾಮಾನ್ಯವಾಗಿ 3,000 ಮಿ.ಮೀ. ದಾಟುತ್ತದೆ, ಅಲ್ಲಿಂದ ನೇರ ಗೆರೆ ಎಳೆದರೆ ಸುಮಾರು ಒಂದೂವರೆ ನೂರು ಕಿ.ಮೀ. ದೂರದ ಅಥಣಿಯಲ್ಲಿ ಅದು 600 ಮಿ.ಮೀ. ಆಸುಪಾಸು. ಇವೆರಡನ್ನೂ ಕೂಡಿಸಿ ಭಾಗಿಸಿದ ಅಂಕಿಯಷ್ಟು ಮಳೆ ಕಣಕುಂಬಿಯಲ್ಲೂ ಆಗುವುದಿಲ್ಲ, ಅಥಣಿಯಲ್ಲೂ ಆಗುವುದಿಲ್ಲ.

ಈ ವ್ಯತ್ಯಾಸಕ್ಕೆ ಕಾರಣ ಸಹ್ಯಾದ್ರಿ. ತಾಪಿ ನದಿಯ ದಕ್ಷಿಣದಿಂದ ಕನ್ಯಾಕುಮಾರಿಯ ತನಕ ಸುಮಾರು 1,600 ಕಿ.ಮೀ. ಉದ್ದಕ್ಕೆ ಕರಾವಳಿಗೆ ಸಮಾನಾಂತರವಾಗಿ ಹಬ್ಬಿರುವ ಈ ಶ್ರೇಣಿಯನ್ನು ನಾವು ಬಯಲುಸೀಮೆಯವರು ಕಾರವಾರದವರಿಗೋ ಶಿರಸಿಯವರಿಗೋ ಸೇರಿದ್ದೆಂದು ಬಿಟ್ಟುಬಿಟ್ಟಿದ್ದೇವೆ. ಅದಕ್ಕೂ ಒಂದು ಕಾರಣವಿದೆ. ನಮ್ಮ ಕಡೆಯಿಂದ ನೋಡಿದರೆ ಅಲ್ಲಿ ಬೆಟ್ಟವೇ ಇಲ್ಲವೆನ್ನಿಸುತ್ತದೆ. ಬೆಳಗಾವಿ ನಗರವೇ ಸಮುದ್ರ ಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿರುವುದರಿಂದ, ಜಾಂಬೋಟಿ, ಕಣಕುಂಬಿ ದಾಟಿ ಚೋರ್ಲಾ ಘಾಟಿನತ್ತ ಹೊರಟವರು ಹೇಳಿಕೊಳ್ಳುವಂಥ ಏರನ್ನೇನೂ ಏರದೆ ಹೋಗಿ, ಒಮ್ಮೆಲೇ ಗೋವೆಯ ಕಡೆಗೆ ಇಳಿಯತೊಡಗುತ್ತಾರೆ. ಕೆಳಗಿನಿಂದ ನೋಡುವವರಿಗೆ ಮಾತ್ರ ಅದು ಗೋಡೆಯಂತೆ ನಿಂತ ಪರ್ವತ. ಭೂವಿಜ್ಞಾನದ ದೃಷ್ಟಿಯಲ್ಲಿಯೂ ಪಶ್ಚಿಮ ಘಟ್ಟವು ಹಿಮಾಲಯದಂತೆ ಮಡಿಕೆಬಿದ್ದು ಎದ್ದ ಪರ್ವತವಲ್ಲ, ದಖ್ಖನ್ ಪ್ರಸ್ಥಭೂಮಿಯ ಹರಿದ ಪಶ್ಚಿಮದ ಅಂಚು. ಅರಬ್ಬೀ ಸಮುದ್ರದಿಂದ ಬರುವ ತೇವದ ಗಾಳಿ ಈ ಗೋಡೆಗೆ ತಾಗಿ ಮೇಲೇರಿ, ತಣಿದು, ತನ್ನ ನೀರನ್ನೆಲ್ಲ ಅಂಚಿನಲ್ಲಿಯೇ ಸುರಿದು, ಮುಂದೆ ಸವದತ್ತಿ, ಬಾಗಲಕೋಟೆ, ವಿಜಯಪುರದ ಕಡೆಗೆ ಬರಿಗೈಯಲ್ಲಿ ಬರುತ್ತದೆ.

ಗಾಳಿ ಬರಿಗೈಯಲ್ಲಿ ಬಂದರೂ ನೀರು ಬೇರೆ ದಾರಿ ಹಿಡಿದು ಬರುತ್ತದೆಂಬುದೇ ನನ್ನ ಪತ್ರದ ಮುಖ್ಯ ವಿಷಯ. ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆಗೆ ಅರಬ್ಬೀ ಸಮುದ್ರವು ನೇರ ಅಳತೆಯಲ್ಲಿ ಐವತ್ತು ಕಿ.ಮೀ. ಆಚೆ ಇದ್ದರೂ, ನೆಲದ ಇಳಿಜಾರು ಪೂರ್ವಕ್ಕಿರುವುದರಿಂದ ಅದು ನವಿಲುತೀರ್ಥದ ಅಣೆಕಟ್ಟು, ರಾಮದುರ್ಗ, ಪಟ್ಟದಕಲ್ಲು ದಾಟಿ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರಿ ಬಂಗಾಳಕೊಲ್ಲಿಯ ಪಾಲಾಗುತ್ತದೆ. ಅದೇ ಖಾನಾಪುರ ತಾಲ್ಲೂಕಿನ ದೇಗಾಂವ ಬಳಿ ಹುಟ್ಟುವ ಮಹದಾಯಿ ಪಶ್ಚಿಮಕ್ಕೆ ಧುಮುಕಿ ಪಣಜಿಯ ಹತ್ತಿರ ಕಡಲನ್ನು ಸೇರುತ್ತದೆ. ಮಹದಾಯಿಯ ಬಗ್ಗೆ ನಾವು ದಶಕಗಳಿಂದ ಹೋರಾಟ ಮಾಡಿದ್ದೇವೆ, ಆದರೆ ನೀರನ್ನು ಎರಡಾಗಿ ಹಂಚುವ ಆ ದಿಣ್ಣೆಯನ್ನು ಕಣ್ಣಾರೆ ಕಂಡವರು ನಮ್ಮೂರಿನಲ್ಲಿ ಬೆರಳೆಣಿಕೆಯಷ್ಟು.

2019ರ ಆಗಸ್ಟಿನ ಪ್ರವಾಹವನ್ನು ಮಲಪ್ರಭೆ, ಘಟಪ್ರಭೆಗಳ ದಂಡೆಯವರು ಮರೆಯುವಂತಿಲ್ಲ. ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೂ ಆಗ ನೀರು ನುಗ್ಗಿತ್ತು. ನಮ್ಮ ಹೊಲದ ಮೇಲೆ ಬಿದ್ದ ಮಳೆಯಿಂದ ಅಂಥ ಹೊಳೆ ಬರುವುದಿಲ್ಲ. ಮೇಲೆ ಘಟ್ಟದಲ್ಲಿ ದಿನಗಟ್ಟಲೆ ಸುರಿದು, ಜಲಾಶಯ ತುಂಬಿ, ನೀರು ಬಿಟ್ಟಾಗ ಬರುತ್ತದೆ. ‘ಘಟ್ಟದಾಗ ಮಳಿ ಹಿಡದೈತಿ, ಹೊಳಿ ಬರತೈತಿ’ ಎಂದು ಹಿರಿಯರು ಆಕಾಶ ನೋಡದೆಯೇ ದನಕರುಗಳನ್ನು ದಿಬ್ಬಕ್ಕೆ ಹೊಡೆಯುತ್ತಿದ್ದುದು ಈ ತಿಳಿವಳಿಕೆಯಿಂದಲೇ. ಅವರಿಗೆ ಸಂತೆಯಲ್ಲಿ ಸಿಗುತ್ತಿದ್ದ ಸುದ್ದಿ ನಮಗೆ ಪತ್ರಿಕೆಯಲ್ಲಿ ಸಿಗದಿರುವುದು ಸೋಜಿಗ.

ಆದ್ದರಿಂದ ಮುಂಗಾರಿನ ನಾಲ್ಕು ತಿಂಗಳಾದರೂ ಜಲಾಶಯಗಳ ನೀರಿನ ಮಟ್ಟದ ಪಟ್ಟಿಯ ಪಕ್ಕದಲ್ಲಿ ಕಣಕುಂಬಿ, ಜಾಂಬೋಟಿ ಮತ್ತು ಖಾನಾಪುರದ ಹಿಂದಿನ ದಿನದ ಮಳೆಯನ್ನು ಬೇರೆ ಬೇರೆಯಾಗಿ ಪ್ರಕಟಿಸಬೇಕೆಂದು ಕೋರುತ್ತೇನೆ. ಮಳೆಮಾಪಕದ ಅಂಕಿಗಳು ಸರ್ಕಾರದ ಬಳಿ ದಿನವೂ ಸಂಗ್ರಹವಾಗುವುದರಿಂದ ಇದು ನಿಮಗೆ ದೊಡ್ಡ ಹೊರೆಯಾಗಲಾರದು. ಸಾಧ್ಯವಾದರೆ ಮಹಾರಾಷ್ಟ್ರದ ಅಂಬೋಲಿಯ ಅಂಕಿಯನ್ನೂ ಸೇರಿಸಿರಿ. ರಾಜ್ಯದ ಗಡಿಯಾಚೆಗಿದ್ದರೂ, ಹಿರಣ್ಯಕೇಶಿ ಹುಟ್ಟುವುದು ಅಲ್ಲಿಯೇ. ಅಲ್ಲಿ ಬಿದ್ದ ಮಳೆ ಸಂಕೇಶ್ವರವನ್ನು ಹಾದು, ಘಟಪ್ರಭೆಯೊಡನೆ ಕೂಡಿ ಗೋಕಾಕದ ಓಣಿಗಳಿಗೆ ಬರುತ್ತದೆ.

ಇಂತಿ,
ಮಲಪ್ರಭಾ ದಂಡೆಯ ಓದುಗ
ರಾಮದುರ್ಗ, ಬೆಳಗಾವಿ ಜಿಲ್ಲೆ